ಕಾಯುವ ಊರಿನಲ್ಲೊಂದು ಶಾಲೆ

ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ನಮ್ಮಲ್ಲಿ ಹೆಚ್ಚಿನವರಿಗೆ ಕಾಯುವುದು ಅಭ್ಯಾಸವಾಗಿಬಿಟ್ಟಿದೆ. ಅಧಿಸೂಚನೆಗೆ ಕಾಯುತ್ತೇವೆ, ಹಾಲ್ ಟಿಕೆಟ್‌ಗೆ ಕಾಯುತ್ತೇವೆ, ಕೀ ಉತ್ತರಕ್ಕೆ, ಕಟ್ ಆಫ್‌ಗೆ, ಕೊನೆಗೆ ಕೋರ್ಟಿನ ತಡೆಯಾಜ್ಞೆ ತೆರವಾಗಲಿ ಎಂದೂ ಕಾಯುತ್ತೇವೆ. ಆದರೆ ನಾವು ಕಾಯುವುದು ನಮ್ಮ ಮನೆಯಲ್ಲಿ ಕುಳಿತು. ಕೈಯಲ್ಲಿ ಆಧಾರ್ ಕಾರ್ಡ್ ಇದೆ, ಅಂಕಪಟ್ಟಿ ಇದೆ. ಕೈ ತೀರಾ ಬಿಗಿಯಾದರೆ ಯಾವುದಾದರೂ ಅಂಗಡಿಯಲ್ಲಿ ಲೆಕ್ಕ ಬರೆದು ನಾಲ್ಕು ಕಾಸು ಸಂಪಾದಿಸಬಹುದು. ಇದ್ಯಾವುದೂ ಇಲ್ಲದೆ ಪರದೇಶದ ಬಾಡಿಗೆ ಕೋಣೆಯಲ್ಲಿ ಹತ್ತು ವರ್ಷ ಕಾಯುವವರಿದ್ದಾರೆ. ಅವರಲ್ಲಿ ಹಲವರು ನಮ್ಮ ವಯಸ್ಸಿನವರು.

ನಾನು ಪಿರಿಯಾಪಟ್ಟಣ ತಾಲ್ಲೂಕಿನವಳು. ಬಿ.ಎಸ್ಸಿ., ಬಿ.ಇಡಿ. ಮುಗಿಸಿ, ಟಿಇಟಿ ಪಾಸು ಮಾಡಿ, ಶಿಕ್ಷಕರ ನೇಮಕಾತಿಯ ದಾರಿ ನೋಡುತ್ತಿದ್ದೇನೆ. ಹಗಲು ಹೊತ್ತು ಮನೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಟ್ಯೂಷನ್. ವಾರದಲ್ಲಿ ಎರಡು ಸಂಜೆ, ಆರೂವರೆಗೆ, ಇಂಡೊನೇಷ್ಯಾದಲ್ಲಿರುವ ನಿರಾಶ್ರಿತ ಯುವಕ ಯುವತಿಯರಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುತ್ತೇನೆ. ಅಲ್ಲಿ ಆಗ ರಾತ್ರಿ ಎಂಟು ಗಂಟೆ. ಸ್ವಯಂಸೇವಕರು ಬೇಕೆಂದು ಬಿ.ಇಡಿ. ಗೆಳತಿಯೊಬ್ಬಳು ಕಳಿಸಿದ ಸಂದೇಶ ನೋಡಿ ಸೇರಿಕೊಂಡೆ. ಮೂರು ತಿಂಗಳು ಮಾಡೋಣ ಅಂದುಕೊಂಡಿದ್ದೆ. ಈಗ ಎರಡನೇ ವರ್ಷ ನಡೆಯುತ್ತಿದೆ.

ನಡುದಾರಿಯ ದೇಶ

ಯುದ್ಧವೋ ಕಿರುಕುಳವೋ ತಾಳಲಾರದೆ ದೇಶ ಬಿಟ್ಟವರು ನೆಲೆ ಸಿಗುವ ದೇಶಕ್ಕೆ ನೇರವಾಗಿ ಹೋಗಿ ಇಳಿಯುವುದು ಅಪರೂಪ. ನಡುವೆ ಎಲ್ಲೋ ಒಂದು ದೇಶದಲ್ಲಿ ತಂಗುತ್ತಾರೆ. ಅದನ್ನು ‘ಟ್ರಾನ್ಸಿಟ್’ ದೇಶ ಎನ್ನುತ್ತಾರೆ. ಹೆಸರು ಕೇಳಿದರೆ ಬಸ್ ನಿಲ್ದಾಣದಲ್ಲಿ ಇಳಿದು ಇನ್ನೊಂದು ಬಸ್ ಹತ್ತಿದಂತೆ ಅನಿಸುತ್ತದೆ. ನಿಜದಲ್ಲಿ ಎರಡನೇ ಬಸ್ಸಿಗೆ ವೇಳಾಪಟ್ಟಿಯೇ ಇಲ್ಲ. ಜಗತ್ತಿನ ನಿರಾಶ್ರಿತರಲ್ಲಿ ಒಂದು ವರ್ಷಕ್ಕೆ ಮೂರನೇ ದೇಶವೊಂದರಲ್ಲಿ ಮರುನೆಲೆ ಪಡೆಯುವವರು ಶೇ 1ಕ್ಕಿಂತಲೂ ಕಡಿಮೆ.

ಇಂಡೊನೇಷ್ಯಾ ಅಂಥ ದೇಶ. ಅಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಲ್ಲಿ, ಅಂದರೆ ಯುಎನ್‌ಎಚ್‌ಸಿಆರ್‌ನಲ್ಲಿ, ಹೆಸರು ನೋಂದಾಯಿಸಿ ಕಾಯುತ್ತಿರುವವರು ಸುಮಾರು 12 ಸಾವಿರ. ಬಹುಕಾಲ ಅವರಲ್ಲಿ ದೊಡ್ಡ ಪಾಲು ಅಫ್ಗಾನಿಸ್ತಾನದವರದು, ಅದರಲ್ಲೂ ಹಜಾರಾ ಜನಾಂಗದವರದು. ಸೊಮಾಲಿಯಾ, ಸುಡಾನ್, ಇರಾಕ್, ಮ್ಯಾನ್ಮಾರ್‌ನವರೂ ಇದ್ದಾರೆ. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಇಂಡೊನೇಷ್ಯಾ ಸಹಿ ಹಾಕಿಲ್ಲ. ಭಾರತವೂ ಹಾಕಿಲ್ಲ. 2016ರಲ್ಲಿ ಹೊರಡಿಸಿದ 125ನೇ ಸಂಖ್ಯೆಯ ಅಧ್ಯಕ್ಷೀಯ ಆದೇಶದ ಮೂಲಕ ಆ ದೇಶ ನಿರಾಶ್ರಿತರು ಎಂದರೆ ಯಾರು ಎಂಬುದನ್ನು ಮೊದಲ ಬಾರಿಗೆ ತನ್ನ ಕಾನೂನಿನಲ್ಲಿ ಹೇಳಿತು. ಆದರೆ ದುಡಿಯುವ ಹಕ್ಕು ಕೊಡಲಿಲ್ಲ.

ಅವರಲ್ಲಿ ಬಹಳ ಮಂದಿ ಬಂದದ್ದು ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಹೋಗುವ ಆಸೆಯಿಂದ. 2014ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾ ಸರ್ಕಾರ ಒಂದು ಘೋಷಣೆ ಮಾಡಿತು: ಇಂಡೊನೇಷ್ಯಾದಲ್ಲಿ ಆ ವರ್ಷದ ಜುಲೈ 1ರಂದು ಅಥವಾ ಆಮೇಲೆ ಹೆಸರು ನೋಂದಾಯಿಸಿದವರನ್ನು ನಾವು ತೆಗೆದುಕೊಳ್ಳುವುದಿಲ್ಲ. ನನ್ನ ತರಗತಿಯ ಒಬ್ಬ ಹುಡುಗನ ಕುಟುಂಬ ನೋಂದಾಯಿಸಿದ್ದು ಆ ದಿನಾಂಕದ ಕೆಲವೇ ವಾರಗಳ ನಂತರ. ಆಗ ಅವನಿಗೆ ಹದಿಮೂರು ವರ್ಷ. ಈಗ ಇಪ್ಪತ್ತಮೂರು ದಾಟಿದೆ. ಅವನು ಇನ್ನೂ ಅದೇ ಊರಿನಲ್ಲಿದ್ದಾನೆ.

ಹೊಟ್ಟೆಪಾಡು ಹೇಗೆ ಎಂದು ಕೇಳಬಹುದು. ವಲಸೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಸಂಸ್ಥೆಯೊಂದು ಕೆಲವರಿಗೆ ವಸತಿಯನ್ನೂ, ವಯಸ್ಕರಿಗೆ ತಿಂಗಳಿಗೆ ಹನ್ನೆರಡೂವರೆ ಲಕ್ಷ ರುಪಿಯಾವನ್ನೂ ಕೊಡುತ್ತ ಬಂದಿದೆ. ಲಕ್ಷ ಅಂದಾಕ್ಷಣ ಹುಬ್ಬೇರಿಸಬೇಡಿ, ನಮ್ಮ ಲೆಕ್ಕದಲ್ಲಿ ಅದು ಆರೇಳು ಸಾವಿರ ರೂಪಾಯಿ. 2018ರ ಮಾರ್ಚ್ ನಂತರ ಬಂದವರ ಖರ್ಚಿಗೆ ಆಸ್ಟ್ರೇಲಿಯಾ ಹಣ ಕೊಡುವುದನ್ನು ನಿಲ್ಲಿಸಿತು. ಈ ನೆರವು ಸಿಗದವರು ಊರಿನಿಂದಲೋ ಬೇರೆ ದೇಶಗಳಲ್ಲಿ ನೆಲೆ ಕಂಡ ಬಂಧುಗಳಿಂದಲೋ ಬರುವ ದುಡ್ಡನ್ನೇ ನೆಚ್ಚಿಕೊಂಡಿದ್ದಾರೆ.

ಬಾಡಿಗೆ ಮನೆಯಲ್ಲಿ ಶುರುವಾದದ್ದು

ಜಕಾರ್ತಾದಿಂದ ದಕ್ಷಿಣಕ್ಕೆ ಬೋಗೋರ್ ಜಿಲ್ಲೆಯ ಬೆಟ್ಟದ ಸೀಮೆಯಲ್ಲಿ ಚಿಸರುವಾ ಎಂಬ ಊರಿದೆ. ಸುತ್ತ ಚಹಾ ತೋಟ, ಮಳೆ, ತಂಪು ಗಾಳಿ. ನಮ್ಮವರು ವಾರಾಂತ್ಯಕ್ಕೆ ಮಡಿಕೇರಿಗೆ ಹೋದಂತೆ ಜಕಾರ್ತಾದವರು ಅಲ್ಲಿಗೆ ಹೋಗುತ್ತಾರೆ. ಬಾಡಿಗೆ ಕಡಿಮೆ ಎಂದು ನಿರಾಶ್ರಿತರೂ ಅಲ್ಲಿ ಸೇರಿಕೊಂಡರು. ದೊಡ್ಡವರಿಗೆ ಕೆಲಸವಿಲ್ಲ, ಮಕ್ಕಳಿಗೆ ಶಾಲೆಯಿಲ್ಲ. ಹೊರಗೆ ಹೆಚ್ಚು ಓಡಾಡಿದರೆ ಯಾರ ಕಣ್ಣಿಗಾದರೂ ಬೀಳುತ್ತೇವೆ ಎಂಬ ಅಂಜಿಕೆ ಬೇರೆ.

2014ರ ಆಗಸ್ಟ್‌ನಲ್ಲಿ ಅಲ್ಲಿನ ಕೆಲವು ಹಜಾರಾ ನಿರಾಶ್ರಿತರು ತಾವೇ ಹಣ ಹೊಂದಿಸಿ ಒಂದು ಕಲಿಕಾ ಕೇಂದ್ರ ತೆರೆದರು. ಅದೇ ಚಿಸರುವಾ ರೆಫ್ಯೂಜಿ ಲರ್ನಿಂಗ್ ಸೆಂಟರ್. ಮುಂದೆ ನಿಂತವರಲ್ಲಿ ಛಾಯಾಗ್ರಾಹಕ ಮುಜಾಫರ್ ಅಲಿ ಒಬ್ಬರು. ಅವರು ಮುಂದೆ ಆಸ್ಟ್ರೇಲಿಯಾದಲ್ಲಿ ನೆಲೆ ಪಡೆದರು. ಈ ಶಾಲೆಯ ಕಥೆಯನ್ನು ಜೋಲಿಯನ್ ಹಾಫ್ ಅವರು 2017ರಲ್ಲಿ ‘ದಿ ಸ್ಟೇಜಿಂಗ್ ಪೋಸ್ಟ್’ ಎಂಬ ಸಾಕ್ಷ್ಯಚಿತ್ರವಾಗಿ ತೆರೆಗೆ ತಂದರು. ಆಡಳಿತ ನಡೆಸುವವರು ನಿರಾಶ್ರಿತರೇ, ಮೇಷ್ಟ್ರುಗಳೂ ನಿರಾಶ್ರಿತರೇ. ಇದನ್ನು ನೋಡಿ ಸುತ್ತಮುತ್ತ ಮತ್ತು ಜಕಾರ್ತಾದಲ್ಲಿ ಇಂಥ ಇನ್ನಷ್ಟು ಕೇಂದ್ರಗಳು ಹುಟ್ಟಿದವು. ಮಾಧ್ಯಮ ಇಂಗ್ಲಿಷ್, ಏಕೆಂದರೆ ಮುಂದೆ ಹೋಗುವ ದೇಶ ಯಾವುದೆಂದು ಗೊತ್ತಿಲ್ಲ. ಇಂಗ್ಲಿಷ್ ಎಲ್ಲಿಗೆ ಹೋದರೂ ಕೈ ಬಿಡಲಿಕ್ಕಿಲ್ಲ ಎಂಬ ಲೆಕ್ಕ.

ಪಕ್ಕದ ಮಲೇಷ್ಯಾದ ಕಥೆಯೂ ಹೆಚ್ಚು ಬೇರೆಯಲ್ಲ. ಅಲ್ಲಿ ನಿರಾಶ್ರಿತ ಮಕ್ಕಳಿಗೆ ಸರ್ಕಾರಿ ಶಾಲೆಯ ಬಾಗಿಲು ಮುಚ್ಚಿದೆ. ಮ್ಯಾನ್ಮಾರ್‌ನಿಂದ ಬಂದ ರೋಹಿಂಗ್ಯಾ, ಚಿನ್ ಮುಂತಾದ ಸಮುದಾಯಗಳ ಮಕ್ಕಳು ಅಂಗಡಿಗಳ ಮೇಲಿನ ಮಹಡಿಯಲ್ಲೋ ಬಾಡಿಗೆ ಮನೆಯಲ್ಲೋ ನಡೆಯುವ ಸಮುದಾಯ ಕಲಿಕಾ ಕೇಂದ್ರಗಳಲ್ಲಿ ಓದುತ್ತಾರೆ. ಅಂಥ ಕೇಂದ್ರಗಳು ಆ ದೇಶದಲ್ಲಿ ನೂರಕ್ಕೂ ಹೆಚ್ಚಿವೆ.

ಒಂದು ಫೋನು, ಮೂವರು ವಿದ್ಯಾರ್ಥಿಗಳು

ನನ್ನ ತರಗತಿಯಲ್ಲಿ ಹನ್ನೊಂದು ಮಂದಿ. ವಯಸ್ಸು ಹದಿನೇಳರಿಂದ ಇಪ್ಪತ್ತನಾಲ್ಕು. ಪರದೆಯ ಮೇಲೆ ಕಾಣುವುದು ಐದು ಚೌಕ ಮಾತ್ರ, ಒಂದೊಂದು ಫೋನಿನ ಮುಂದೆ ಇಬ್ಬರು ಮೂವರು ಕೂರುತ್ತಾರೆ. ಮಳೆ ಜೋರಾದರೆ ನೆಟ್‌ವರ್ಕ್ ಹೋಗುತ್ತದೆ. ಮಳೆಗಾಲದಲ್ಲಿ ನಮ್ಮೂರಿನದೂ ಅದೇ ಪಾಡಾದ್ದರಿಂದ ಯಾರೂ ಯಾರನ್ನೂ ದೂರುವುದಿಲ್ಲ.

ಅವರು ಚಿಕ್ಕಂದಿನಲ್ಲಿ ಕಲಿತ ಅಂಕಿಗಳು ಪರ್ಷಿಯನ್ ಲಿಪಿಯವು. ಅವಸರದಲ್ಲಿ ಲೆಕ್ಕ ಮಾಡುವಾಗ ಈಗಲೂ ಕೆಲವರ ಕೈ ಅದನ್ನೇ ಬರೆಯುತ್ತದೆ. ನಮಗೂ ಬೇರೆ ಅಂಕಿಗಳಿವೆ ಎಂದು ನಾನು ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಬರೆದು ತೋರಿಸಿದೆ. ಮರುದಿನ ಒಬ್ಬಳು ಹೋಮ್‌ವರ್ಕಿನ ಪುಟಸಂಖ್ಯೆಗಳನ್ನೆಲ್ಲ ಕನ್ನಡ ಅಂಕಿಯಲ್ಲಿ ಹಾಕಿ ಕಳಿಸಿದ್ದಳು. ‘ಹಜಾರ’ ಅಂದರೆ ನಮ್ಮಲ್ಲಿ ಮನೆಯೊಳಗೆ ಬಂದವರನ್ನು ಕೂರಿಸುವ ಜಾಗ ಎಂದಾಗ ಎಲ್ಲರೂ ನಕ್ಕರು. ಹಾಗಾದರೆ ನಾವು ಸರಿಯಾದ ಜಾಗದಲ್ಲೇ ಕೂತಿದ್ದೇವೆ, ಒಳಗೆ ಕರೆಯುವವರೇ ಬಂದಿಲ್ಲ ಅಂದ ಒಬ್ಬ.

ಇಪ್ಪತ್ತಮೂರರ ಆ ಹುಡುಗ ಬೆಳಿಗ್ಗೆ ಕೇಂದ್ರದಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತಾನೆ, ರಾತ್ರಿ ನನ್ನ ಬಳಿ ಕಲಿಯುತ್ತಾನೆ. ಕಳೆದ ವರ್ಷ ಅವನ ಆಪ್ತ ಗೆಳೆಯನಿಗೆ ಕೆನಡಾದಲ್ಲಿ ಪ್ರಾಯೋಜಕರು ಸಿಕ್ಕು ಹೊರಟುಹೋದ. ಅದಾದ ಮೇಲೆ ಇವನು ತರಗತಿಗೆ ಬರುವುದನ್ನು ಬಿಟ್ಟ. ಫೋನ್ ಆಫ್. ಅಲ್ಲಿನ ನಿರಾಶ್ರಿತರಲ್ಲಿ ಬಹಳ ವರ್ಷ ಕಾದು ಬೇಸತ್ತು ಪ್ರಾಣ ಕಳೆದುಕೊಂಡವರ ಸುದ್ದಿಗಳನ್ನು ನಾನು ಓದಿದ್ದೆ. ಆ ವಾರ ನನಗೆ ನಿದ್ದೆ ಹತ್ತಲಿಲ್ಲ. ಇಷ್ಟು ದೂರದಿಂದ ನಾನೇನು ಮಾಡಲು ಸಾಧ್ಯ?

ಮಾಡಿದ್ದು ಅಲ್ಲಿಯವರು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಮೂರು ದಿನ ಖಾಲಿ ಬಿದ್ದಿದ್ದನ್ನು ಕೇಂದ್ರದ ಮುಖ್ಯಸ್ಥೆ ಗಮನಿಸಿದರು. ಆಕೆಯೂ ನಿರಾಶ್ರಿತೆಯೇ. ಜೊತೆಗಿಬ್ಬರನ್ನು ಕರೆದುಕೊಂಡು ಅವನ ಕೋಣೆಗೆ ಹೋಗಿ ಕೂತರು, ಚಹಾ ಮಾಡಿಸಿಕೊಂಡು ಕುಡಿದರು. ನಿನ್ನ ಎರಡನೇ ತರಗತಿ ಮಕ್ಕಳನ್ನು ಸಂಭಾಳಿಸಲು ನಮ್ಮಿಂದ ಆಗುತ್ತಿಲ್ಲ ಎಂದರು. ವೈದ್ಯರೊಂದಿಗೆ ಮಾತನಾಡುವ ಏರ್ಪಾಡನ್ನೂ ಮಾಡಿದರು. ಅವನು ಮೊದಲು ಮರಳಿದ್ದು ತನ್ನ ಪಾಠಕ್ಕಲ್ಲ, ಆ ಮಕ್ಕಳ ಪಾಠಕ್ಕೆ. ನನ್ನ ತರಗತಿಗೆ ಬಂದದ್ದು ಇನ್ನೂ ಮೂರು ವಾರಗಳ ನಂತರ.

ಪಾಠ ಮನಸ್ಸಿಗೆ ಏನು ಮಾಡುತ್ತದೆ?

ಬಿ.ಇಡಿ.ಯಲ್ಲಿ ಶೈಕ್ಷಣಿಕ ಮನೋವಿಜ್ಞಾನ ಓದಿ ಪರೀಕ್ಷೆ ಬರೆದಿದ್ದೆ. ಅದರ ಅರ್ಥ ನನಗೆ ಸರಿಯಾಗಿ ಹತ್ತಿದ್ದು ಈ ತರಗತಿಯಲ್ಲಿ.

ಮೊದಲನೆಯದು, ದಿನಕ್ಕೊಂದು ಆಕಾರ. ಎಲ್ಲಿಗೂ ಹೋಗಬೇಕಿಲ್ಲದವರಿಗೆ ಹಗಲು ರಾತ್ರಿ ಅದಲುಬದಲಾಗುತ್ತದೆ. ಬೆಳಗಿನ ಜಾವದವರೆಗೂ ಫೋನು, ಮಧ್ಯಾಹ್ನದವರೆಗೂ ಮಲಗುವುದು. ಒಂಬತ್ತಕ್ಕೆ ಗಂಟೆ ಹೊಡೆಯುವ ಶಾಲೆ ಇದ್ದರೆ ಎಂಟಕ್ಕೆ ಏಳಬೇಕಾಗುತ್ತದೆ. ಮಗುವನ್ನು ಹೊರಡಿಸುವ ನೆಪದಲ್ಲಿ ತಾಯಿ ತಂದೆಯ ದಿನವೂ ಶುರುವಾಗುತ್ತದೆ.

ಎರಡನೆಯದು, ಗುರುತು. ಅವರ ಜೇಬಿನಲ್ಲಿರುವ ಕಾರ್ಡು ಹೇಳುವುದು ‘ನಿರಾಶ್ರಿತ’ ಎಂದು. ತರಗತಿಯೊಳಗೆ ಒಬ್ಬ ಲೆಕ್ಕದಲ್ಲಿ ಜೋರು, ಇನ್ನೊಬ್ಬಳ ಅಕ್ಷರ ದುಂಡು, ಮತ್ತೊಬ್ಬ ಸದಾ ತಡ. ಆ ಒಂದು ಗಂಟೆ ಅವರು ಬೇರೆ ಯಾರೋ ಆಗಿರುತ್ತಾರೆ.

ಮೂರನೆಯದು, ಕಲಿಸುವವರ ಮರ್ಯಾದೆ. ದುಡಿಯುವ ಅನುಮತಿ ಇಲ್ಲದ ಕಡೆ ‘ಟೀಚರ್’ ಎಂದು ಕರೆಸಿಕೊಳ್ಳುವುದು ಸಣ್ಣ ಮಾತಲ್ಲ. ಊರಿನಲ್ಲಿ ಎಂದೂ ಮನೆಯಿಂದಾಚೆ ಕೆಲಸ ಮಾಡದ ಹೆಂಗಸರು ಅಲ್ಲಿ ಕರಿಹಲಗೆ ಮುಂದೆ ನಿಂತಿದ್ದಾರೆ.

ನಾಲ್ಕನೆಯದನ್ನು ಆ ಹುಡುಗನ ವಿಷಯದಲ್ಲಿ ಕಣ್ಣಾರೆ ಕಂಡೆ. ಶಾಲೆ ಎಂದರೆ ನಾವು ಇಲ್ಲದಿದ್ದರೆ ಗೊತ್ತಾಗುವ ಜಾಗ.

ತುರ್ತು ಪರಿಸ್ಥಿತಿಯಲ್ಲಿ ಮಾನಸಿಕ ಆರೋಗ್ಯದ ನೆರವು ಹೇಗಿರಬೇಕೆಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ಸ್ವಯಂಸೇವಾ ಸಂಸ್ಥೆಗಳೂ ಸೇರಿ 2007ರಲ್ಲಿ ಮಾರ್ಗಸೂಚಿ ತಂದವು. ಅದರಲ್ಲಿ ನೆರವನ್ನು ಪಿರಮಿಡ್ಡಿನಂತೆ ನಾಲ್ಕು ಹಂತವಾಗಿ ತೋರಿಸಿದ್ದಾರೆ. ತುದಿಯಲ್ಲಿರುವುದು ಮನೋವೈದ್ಯರಂಥ ತಜ್ಞರ ಚಿಕಿತ್ಸೆ, ಅದು ಬೇಕಾಗುವುದು ಕೆಲವರಿಗೆ. ತಳದಲ್ಲಿ ಎಲ್ಲರಿಗೂ ಬೇಕಾದ ಅನ್ನ, ನೀರು, ವಸತಿ, ಸುರಕ್ಷತೆ. ಅದರ ಮೇಲಿನ ಹಂತ ಕುಟುಂಬ ಮತ್ತು ಸಮುದಾಯದ ಆಸರೆ. ಶಾಲೆ ಬರುವುದು ಇಲ್ಲಿ. ಶಾಲೆ ವೈದ್ಯರ ಬದಲಿ ಅಲ್ಲ. ಆದರೆ ಯಾರಿಗೆ ವೈದ್ಯರು ಬೇಕಾಗಿದ್ದಾರೆ ಎಂದು ಮೊದಲು ತಿಳಿಯುವುದು ಹೆಚ್ಚಾಗಿ ಶಾಲೆಯಲ್ಲೇ.

ಹುಡುಗಿಯರಿಗೆ ಈ ಪಾಠದ ತೂಕ ಇನ್ನೂ ಹೆಚ್ಚು. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಮತ್ತೆ ಅಧಿಕಾರ ಹಿಡಿದ ಮೇಲೆ ಅಫ್ಗಾನಿಸ್ತಾನದಲ್ಲಿ ಹೆಣ್ಣುಮಕ್ಕಳಿಗೆ ಪ್ರೌಢಶಾಲೆ ಮುಚ್ಚಿತು, 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯವೂ ಮುಚ್ಚಿತು. ನನ್ನ ವಿದ್ಯಾರ್ಥಿನಿಯೊಬ್ಬಳು ತರಗತಿಯ ಟಿಪ್ಪಣಿಗಳ ಫೋಟೊ ತೆಗೆದು ಊರಿನಲ್ಲಿರುವ ಚಿಕ್ಕಪ್ಪನ ಮಗಳಿಗೆ ಕಳಿಸುತ್ತಾಳೆ. ಹೀಗಾಗಿ ನಾನು ಬಿಡಿಸುವ ಸಮೀಕರಣಗಳು ಪಿರಿಯಾಪಟ್ಟಣದಿಂದ ಚಿಸರುವಾಕ್ಕೆ, ಅಲ್ಲಿಂದ ನಾನು ಎಂದೂ ನೋಡದ ಒಂದು ಮನೆಗೆ ಹೋಗುತ್ತವೆ. ಅದನ್ನು ತಿಳಿದ ಮೇಲೆ ಹಂತ ಬಿಟ್ಟು ಬರೆಯಲು ಮನಸ್ಸು ಬರುವುದಿಲ್ಲ.

ಅಂಕಪಟ್ಟಿ ಇಲ್ಲದ ಓದು

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಓದು ಆಸೆ ಹುಟ್ಟಿಸುತ್ತದೆ. ಆ ಆಸೆಗೆ ದಾರಿಯೇ ಇಲ್ಲದಿದ್ದರೆ ಅದೇ ಹೊಸ ನೋವಾಗುತ್ತದೆ. ಹದಿನೆಂಟು ದಾಟಿದವರಲ್ಲಿ ಇದು ಎದ್ದು ಕಾಣುತ್ತದೆ. ಚಿಕ್ಕ ಮಕ್ಕಳಿಗೆ ಶಾಲೆಯೇ ಸಂತೋಷ. ದೊಡ್ಡವರು ಕೇಳುವ ಪ್ರಶ್ನೆ ಒಂದೇ: ಇದನ್ನು ಕಲಿತು ಏನು ಮಾಡಲಿ?

ಕಲಿಕಾ ಕೇಂದ್ರಗಳಿಗೆ ಸರ್ಕಾರಿ ಮಾನ್ಯತೆ ಇಲ್ಲ. 2019ರಲ್ಲಿ ಇಂಡೊನೇಷ್ಯಾದ ಶಿಕ್ಷಣ ಸಚಿವಾಲಯ ಸುತ್ತೋಲೆ ಹೊರಡಿಸಿ ನಿರಾಶ್ರಿತ ಮಕ್ಕಳು ಸ್ಥಳೀಯ ಶಾಲೆ ಸೇರಲು ದಾರಿ ಮಾಡಿತು. ಒಳ್ಳೆಯ ಹೆಜ್ಜೆಯೇ. ಆದರೆ ಅಲ್ಲಿ ಓದಿದರೂ ಸ್ಥಳೀಯ ಮಕ್ಕಳಿಗೆ ಕೊಡುವ ಅಧಿಕೃತ ಪ್ರಮಾಣಪತ್ರ ಇವರಿಗಿಲ್ಲ. ಅದಕ್ಕಾಗಿಯೇ ಹಲವರು ಅಮೆರಿಕದ ಜಿಇಡಿ ಪರೀಕ್ಷೆಯ ಕಡೆ ನೋಡುತ್ತಾರೆ. ಇದು ಅಲ್ಲಿನ ಹೈಸ್ಕೂಲು ಶಿಕ್ಷಣಕ್ಕೆ ಸಮ. ಗಣಿತ, ಭಾಷೆ, ವಿಜ್ಞಾನ, ಸಮಾಜ ವಿಜ್ಞಾನ ಎಂದು ನಾಲ್ಕು ಪತ್ರಿಕೆ. ಪ್ರತಿಯೊಂದರಲ್ಲೂ 200ಕ್ಕೆ ಕನಿಷ್ಠ 145 ಬರಬೇಕು. ಒಂದೊಂದು ಪತ್ರಿಕೆಗೂ ಬೇರೆ ಬೇರೆ ಶುಲ್ಕ. ಸಂಪಾದನೆ ಇಲ್ಲದವರಿಗೆ ಅದು ತಿಂಗಳ ರೇಷನ್ನಿನ ಪ್ರಶ್ನೆ. ಪಾಸಾದವರಿಗೆ, 2009ರಲ್ಲಿ ಶುರುವಾದ ಬೋಧನಾ ಶುಲ್ಕವಿಲ್ಲದ ಯೂನಿವರ್ಸಿಟಿ ಆಫ್ ದಿ ಪೀಪಲ್‌ನಂಥ ಆನ್‌ಲೈನ್ ವಿಶ್ವವಿದ್ಯಾಲಯಗಳ ಬಾಗಿಲು ತೆರೆಯುತ್ತದೆ.

ಜಗತ್ತಿನ ಲೆಕ್ಕವನ್ನೂ ನೋಡಿ. ಯುಎನ್‌ಎಚ್‌ಸಿಆರ್‌ನ 2023ರ ಶಿಕ್ಷಣ ವರದಿಯ ಪ್ರಕಾರ ಶಾಲಾ ವಯಸ್ಸಿನ ನಿರಾಶ್ರಿತ ಮಕ್ಕಳು 1.48 ಕೋಟಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಾಲೆಯಿಂದ ಹೊರಗಿದ್ದಾರೆ. ಪ್ರಾಥಮಿಕ ಹಂತದಲ್ಲಿ ದಾಖಲಾತಿ ಶೇ 65, ಪ್ರೌಢ ಹಂತದಲ್ಲಿ ಶೇ 41, ಉನ್ನತ ಶಿಕ್ಷಣದಲ್ಲಿ ಬರೀ ಶೇ 6. ಈ ಕೊನೆಯ ಅಂಕಿಯನ್ನು 2030ರ ಹೊತ್ತಿಗೆ ಶೇ 15ಕ್ಕೆ ಒಯ್ಯುವುದು ಗುರಿ. ಕೆಲವು ವರ್ಷಗಳ ಹಿಂದೆ ಅದು ಶೇ 1 ಇತ್ತು ಎಂಬುದನ್ನು ನೆನೆದರೆ ಅಸಾಧ್ಯವೇನೂ ಅಲ್ಲ ಅನಿಸುತ್ತದೆ.

ನಮ್ಮ ಪಕ್ಕದ ಬೈಲಕುಪ್ಪೆ

ನಾನು ಹುಟ್ಟಿ ಬೆಳೆದದ್ದು ಬೈಲಕುಪ್ಪೆಯ ಆಸುಪಾಸಿನಲ್ಲಿ. ಚಳಿಗಾಲದಲ್ಲಿ ಸ್ವೆಟರ್ ಕೊಂಡದ್ದು ಟಿಬೆಟನ್ ಅಕ್ಕಂದಿರಿಂದ. ಪಿಯುಸಿಯಲ್ಲಿ ನನ್ನ ಬೆಂಚಿನಲ್ಲೇ ಒಬ್ಬಳು ಟಿಬೆಟನ್ ಹುಡುಗಿ ಇದ್ದಳು. ನನಗಿಂತ ಚೆನ್ನಾಗಿ ಕನ್ನಡದ ಗಾದೆ ಹೇಳುತ್ತಿದ್ದಳು. ಅವಳ ಅಜ್ಜ ಅಜ್ಜಿ 1960ರ ದಶಕದಲ್ಲಿ ಬಂದಾಗ ಅಲ್ಲಿದ್ದದ್ದು ಕಾಡು, ಆನೆ. ಕಾಡು ಕಡಿದು ಜೋಳ ಬೆಳೆದರು. ಆಗಿನ ಮೈಸೂರು ರಾಜ್ಯ ಜಮೀನು ಕೊಟ್ಟಿತು. ಕೇಂದ್ರ ಸರ್ಕಾರ 1961ರಲ್ಲೇ ಟಿಬೆಟನ್ ಮಕ್ಕಳ ಶಾಲೆಗಳಿಗೆಂದು ಪ್ರತ್ಯೇಕ ಆಡಳಿತ ಮಂಡಳಿ ರಚಿಸಿತು.

ಅವರೂ ‘ಇಂದಲ್ಲ ನಾಳೆ ವಾಪಸ್ ಹೋಗುತ್ತೇವೆ’ ಎಂದೇ ಬಂದವರು. ಒಪ್ಪಂದಕ್ಕೆ ಸಹಿ ಹಾಕದ ದೇಶದಲ್ಲೂ ಮನಸ್ಸು ಮಾಡಿದರೆ ಜಮೀನು, ಶಾಲೆ, ಪ್ರಮಾಣಪತ್ರ ಕೊಡಬಹುದು ಎಂಬುದಕ್ಕೆ ಉದಾಹರಣೆ ನಮ್ಮ ತಾಲ್ಲೂಕಿನಲ್ಲೇ ಇದೆ. ನನ್ನ ಬೆಂಚಿನ ಗೆಳತಿ ಇಂದು ನರ್ಸ್. ಅವಳಿಗೂ ಚಿಸರುವಾದ ಹುಡುಗರಿಗೂ ಬುದ್ಧಿಯಲ್ಲಿ ವ್ಯತ್ಯಾಸವಿಲ್ಲ. ಅವಳು ಓದಿದ್ದಕ್ಕೆ ಅಂಕಪಟ್ಟಿ ಇತ್ತು, ಅಷ್ಟೇ.

ನಾವೇನು ಮಾಡಬಹುದು?

ಇಂಥ ಕೇಂದ್ರಗಳು ಆನ್‌ಲೈನ್ ಸ್ವಯಂಸೇವಕರನ್ನು ಹುಡುಕುತ್ತಿರುತ್ತವೆ. ಇಂಗ್ಲಿಷ್, ಗಣಿತ, ವಿಜ್ಞಾನ, ಕಂಪ್ಯೂಟರ್ ಯಾವುದಾದರೂ ಆಗುತ್ತದೆ. ನಮ್ಮ ಇಂಗ್ಲಿಷ್ ಅಮೆರಿಕದವರಂತೆ ಇರಬೇಕಿಲ್ಲ. ಎರಡನೇ ಭಾಷೆಯಾಗಿ ಕಲಿತ ನಮಗೆ ಎಲ್ಲಿ ಎಡವುತ್ತಾರೆ ಎಂದು ಚೆನ್ನಾಗಿ ಗೊತ್ತಿರುತ್ತದೆ. ಸೇರುವ ಮುನ್ನ ಕೆಲವು ಮಾತು. ಸಂಸ್ಥೆ ಯಾವುದು, ಮಕ್ಕಳ ಸುರಕ್ಷತೆಗೆ ಏನು ನಿಯಮವಿದೆ ಎಂದು ವಿಚಾರಿಸಿ. ಆರು ತಿಂಗಳಾದರೂ ಬಿಡದೆ ಬರಲು ಸಾಧ್ಯವಿದ್ದರೆ ಮಾತ್ರ ಒಪ್ಪಿಕೊಳ್ಳಿ. ಬಂದು ಹೋಗುವವರನ್ನು ಅವರು ಸಾಕಷ್ಟು ಕಂಡಿದ್ದಾರೆ. ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಬೇಡಿ, ಊರಿನಲ್ಲಿ ಉಳಿದವರಿಗೆ ಅದರಿಂದ ಅಪಾಯವಾಗಬಹುದು. ಅವರ ಕಥೆಯನ್ನು ಕೆದಕಿ ಕೇಳಬೇಡಿ. ಸಂದರ್ಶನ ಕೊಟ್ಟು ಕೊಟ್ಟು ಅವರಿಗೆ ಸಾಕಾಗಿದೆ. ಲೆಕ್ಕ ಹೇಳಿಕೊಡಲು ಬಂದಿದ್ದರೆ ಲೆಕ್ಕ ಹೇಳಿಕೊಡಿ. ಹೇಳಬೇಕೆನಿಸಿದ್ದನ್ನು ಅವರೇ ಒಂದು ದಿನ ಹೇಳುತ್ತಾರೆ.

ನನಗೆ ಇದರಿಂದ ಏನು ಸಿಕ್ಕಿತು ಎಂದು ಮನೆಯಲ್ಲಿ ಕೇಳುತ್ತಾರೆ. ಸಂಬಳವಿಲ್ಲ, ನೇಮಕಾತಿಯಲ್ಲಿ ಇದಕ್ಕೆ ಅಂಕವೂ ಇಲ್ಲ. ಆದರೆ ಮೇಷ್ಟ್ರ ಕೆಲಸ ಎಂದರೆ ಏನು ಎಂದು ಈಗ ಗೊತ್ತಿದೆ. ಸರ್ಕಾರಿ ಆದೇಶ ಯಾವಾಗ ಬರುತ್ತದೋ ಬರಲಿ. ಇಪ್ಪತ್ತಮೂರರ ಆ ಹುಡುಗ ಜಿಇಡಿಯ ಮೂರು ಪತ್ರಿಕೆ ಮುಗಿಸಿದ್ದಾನೆ. ಉಳಿದಿರುವುದು ಗಣಿತ. ಮುಂದಿನ ತಿಂಗಳು ಪರೀಕ್ಷೆ, ವರ್ಗ ಸಮೀಕರಣದಲ್ಲಿ ಇನ್ನೂ ಸ್ವಲ್ಪ ಎಡವುತ್ತಾನೆ.